ಇವರ ಭಾಷೆಯಲ್ಲಿ ನಾಲ್ಕು ಮಾತು

ಅಕ್ಕಾ,

ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಈ ಕಾರ್ಡು ಅಮ್ಮನ ಕಣ್ಣಿಗೆ ಬೀಳದಂತೆ ನೋಡಿಕೋ.

ಇವರು ಕೆಲಸದ ಕಟ್ಟಡದಿಂದ ಬಿದ್ದು ತಲೆಗೆ ಪೆಟ್ಟಾಗಿ ಇಪ್ಪತ್ತು ದಿನವಾಯಿತು. ಜೀವವೇನೋ ಉಳಿಯಿತು. ಆದರೆ ನಾವಿಬ್ಬರೂ ಆಡುತ್ತಿದ್ದ ಇಂಗ್ಲಿಷ್ ಪೂರ್ತಿ ಮರೆತುಹೋಗಿ, ಹುಟ್ಟಿನಿಂದ ಬಂದ ಟರ್ಕಿ ಭಾಷೆಯೊಂದೇ ಉಳಿದಿದೆ. ಮದುವೆಯಾಗಿ ಆರು ವರ್ಷದಲ್ಲಿ ಅದರಲ್ಲಿ ನಾನು ಕಲಿತದ್ದು ಎರಡೇ ಮಾತು: 'ಸೆನಿ ಸೆವಿಯೋರುಮ್' ಎಂದರೆ ನಿನ್ನನ್ನು ಪ್ರೀತಿಸುತ್ತೇನೆ, 'ಜಾನಿಮ್' ಎಂದರೆ ನನ್ನ ಜೀವವೇ. ಮುದ್ದಿನ ಮಾತಿನಿಂದ ಬಾಯಾರಿಕೆ ತೀರುತ್ತದೆಯೇ? ವಾರ್ಡು ಒರೆಸುವ ಹೆಂಗಸು ಇವರ ನಾಡಿನವಳು, ಇಂಗ್ಲಿಷೂ ಬಲ್ಲಳು. 'ನೀರು ಬೇಕಾ', 'ನೋವಿದೆಯಾ' ಎಂಬುದನ್ನೆಲ್ಲ ಅವಳಿಂದ ಕೇಳಿ, ಅಂಗೈ ಮೇಲೆ ಕನ್ನಡದಲ್ಲಿ ಬರೆದುಕೊಂಡು ಉರು ಹೊಡೆದೆ.

ನಿನ್ನೆ ನೀರು ಕುಡಿಸಿದ ಮೇಲೆ ಇವರು ನನ್ನ ಕೈ ಹಿಡಿದು ಏನೋ ಉದ್ದಕ್ಕೆ ಹೇಳಿದರು. ನನಗೆ ಹಿಗ್ಗೋ ಹಿಗ್ಗು. ಒರೆಸುತ್ತಿದ್ದವಳು ಮಾತ್ರ ಕೈ ನಿಲ್ಲಿಸಿ ನೆಲ ನೋಡಿದಳು.

"ಏನಂದ್ರು? ಹೇಳಮ್ಮಾ."

"'ಸಿಸ್ಟರ್, ನೀವು ತುಂಬಾ ಒಳ್ಳೆಯವರು. ನನ್ನ ಹೆಂಡ್ತೀನ ಸ್ವಲ್ಪ ಕರೀತೀರಾ?' ಅಂತಿದಾರೆ."

ಅತ್ತರೆ ಇವರು ಹೆದರಿಯಾರು ಎಂದು ಅಳು ನುಂಗಿ, "ಬರ್ತಾ ಇದಾಳೆ ಅನ್ನೋಕೆ ಏನಂತಾರೆ?" ಎಂದು ಕೇಳಿದೆ. ಅವಳು ಹೇಳಿಕೊಟ್ಟಳು. "ಗೆಲಿಯೋರ್" ಎಂದೆ. ಇವರು ನಕ್ಕು, ನನ್ನ ಕೈ ಬಿಟ್ಟು, ಬಾಗಿಲ ಕಡೆ ತಿರುಗಿ ಮಲಗಿದರು.

ಹೋದ ಕಾಗದದಲ್ಲಿ ಬರೆದಿದ್ದ ನನ್ನ ಜ್ವರ ಇಳಿದಿದೆ, ಊಟ ಸೇರುತ್ತಿದೆ, ಯೋಚನೆ ಮಾಡಬೇಡ. ಇವತ್ತು ಮದುವೆಗೆ ಉಟ್ಟ ಸೀರೆಯನ್ನೇ ಉಟ್ಟುಕೊಂಡು ಬಂದಿದ್ದೇನೆ. ರೋಗಿಗಳನ್ನು ನೋಡಲು ಬಿಡುವ ಗಂಟೆ ಬಾರಿಸಿದರು, ಒಳಗೆ ಹೋಗಬೇಕು.

ನಿನ್ನ ತಂಗಿ