ಒಂದು ರಿಂಗ್, ಹತ್ತೊಂಬತ್ತು ಮೆಟ್ಟಿಲು

ಜೂನ್ 13, ಭಾನುವಾರ ಮಧ್ಯಾಹ್ನ

ನನ್ನ ಪುಟ್ಟಿಗೆ,

ಇಲ್ಲಿ ನಾವು ಇದ್ದ ಹಾಗೆ ಇದ್ದೇವೆ. ಅಲ್ಲಿ ನೀನೂ ಮಗಳೂ ಚೆನ್ನಾಗಿದ್ದೀರೆಂದುಕೊಂಡಿದ್ದೇನೆ. ನಿನ್ನ ಎರಡು ಕಾಗದಗಳೂ ಕೈಸೇರಿ ತಿಂಗಳಾಯಿತು. ತಡವಾದದ್ದಕ್ಕೆ ಕ್ಷಮಿಸು. ಬಿಡುವಿರಲಿಲ್ಲ ಅಂದರೆ ಅರ್ಧ ನಿಜ. ಬರೆಯಲು ಕೂತಾಗಲೆಲ್ಲ ಬೈಗುಳವೇ ಬರುತ್ತಿತ್ತು, ಹರಿದು ಹಾಕುತ್ತಿದ್ದೆ. ದಿನವಿಡೀ ಫೋನ್ ರಿಪೇರಿ ಮಾಡುವವಳು ಕಾಗದ ಬರೆಯುತ್ತಾಳಲ್ಲ ಎಂದು ನಗಬೇಡ. ಫೋನಿನಲ್ಲಾದರೆ ನೀನು ನಡುವೆ ಅಳುತ್ತೀಯ, ಆಮೇಲೆ ನಾನೇ ಸಮಾಧಾನ ಮಾಡಬೇಕು. ಈ ಸಲ ಅದು ನನ್ನ ಕೈಲಾಗದು.

ಮೊದಲು ಅಪ್ಪನ ಸುದ್ದಿ. ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಗಿದೆ. ಎಡಗೈ ಆಡುತ್ತದೆ. ಮಾತು ಇಲ್ಲ, ಬರುವ ನಂಬಿಕೆ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ಹೇಳಿದರು. ನಾವು ಹೇಳುವುದೆಲ್ಲ ಅರ್ಥವಾಗುತ್ತದಂತೆ. ಚಮಚದಲ್ಲಿ ಕುಡಿಸಿದರೆ ಅರ್ಧ ಹೊಟ್ಟೆಗೆ, ಅರ್ಧ ಗದ್ದಕ್ಕೆ. ಮೂವತ್ತೈದು ವರ್ಷ ಪುಸ್ತಕ ಬೈಂಡಿಂಗ್ ಮಾಡಿದ ಕೈ ನೋಡು, ಸುಮ್ಮನಿರುವುದಿಲ್ಲ. ಹೊದಿಕೆಯ ಅಂಚನ್ನು ಮಡಚಿ ಮಡಚಿ ಹೆಬ್ಬೆರಳಿನಿಂದ ಒತ್ತುತ್ತಿರುತ್ತದೆ. ಸಂಜೆ ನಾನು ಬಿಡಿಸಿ ಸರಿ ಮಾಡುತ್ತೇನೆ.

ನೀನು ಎರಡೂ ಕಾಗದದಲ್ಲಿ ಕೇಳಿದ್ದು ಒಂದೇ ಪ್ರಶ್ನೆ. ಅಷ್ಟು ಒಳ್ಳೆಯ ಫೋನ್ ಕೈಯಲ್ಲೇ ಇತ್ತಲ್ಲ, ಅಪ್ಪ ಯಾಕೆ ಯಾರನ್ನೂ ಕರೆಯಲಿಲ್ಲ ಅಂತ. ಆಸ್ಪತ್ರೆಗೆ ಎರಡು ದಿನ ಬಂದು ಹೋದೆಯಲ್ಲ, ಆಗ ಚಿಕ್ಕಮ್ಮನ ಹತ್ತಿರ ನೀನು ಅಂದದ್ದೂ ನನ್ನ ಕಿವಿಗೆ ಬಿದ್ದಿದೆ. "ಅಕ್ಕ ಎದುರುಗಡೆ ಅಂಗಡಿಯಲ್ಲೇ ಇದ್ಲು. ಆದ್ರೂ ಹೀಗಾಯ್ತು ನೋಡಿ." ಆ 'ಆದ್ರೂ' ಎಂಬುದನ್ನು ನುಂಗಲು ನನಗೆ ಇನ್ನೂ ಆಗಿಲ್ಲ. ಕೇಳು ಈಗ.

ಅಪ್ಪನ ಕೆಲಸದ ಕೋಣೆ ನೆಲಮಾಳಿಗೆಯಲ್ಲಿ, ಬೀದಿಯಿಂದ ಹತ್ತೊಂಬತ್ತು ಮೆಟ್ಟಿಲು ಕೆಳಗೆ. ಎದೆನೋವು ಬಂದ ಮೇಲೆ ದಿನಕ್ಕೆ ಒಂದೇ ಸಲ ಹತ್ತಿಳಿಯಬೇಕು, ಅದೂ ಯಾರಾದರೂ ಜೊತೆಗಿದ್ದರೆ ಮಾತ್ರ ಎಂದು ಡಾಕ್ಟರು ಹೇಳಿದ್ದರು. ಅದಕ್ಕೆ ನಾವಿಬ್ಬರೂ ಒಂದು ಕ್ರಮ ಮಾಡಿಕೊಂಡಿದ್ದೆವು. ಸಂಜೆ ಕೆಲಸ ಮುಗಿದಾಗ ಅಪ್ಪ ಒಂದು ರಿಂಗ್ ಕೊಡುವುದು, ನಾನು ಎತ್ತದೆ ಇರುವುದು. ಮುಗೀತು, ಬಾ ಅಂತ ಅರ್ಥ. ನಾನು ಬೀದಿ ದಾಟಿ ಕೆಳಗಿಳಿಯುತ್ತಿದ್ದೆ. ನನ್ನ ಹೆಗಲ ಮೇಲೆ ಕೈಯಿಟ್ಟು, ಆರಾರು ಮೆಟ್ಟಿಲಿಗೊಮ್ಮೆ ನಿಂತು, ಗಿರಾಕಿಗಳನ್ನು ಬೈಯುತ್ತಾ ಹತ್ತುತ್ತಿದ್ದ.

ಆ ರಿಂಗ್ ಕೊಡುತ್ತಿದ್ದದ್ದು ನಾನು ಆರಿಸಿ ಕೊಟ್ಟಿದ್ದ ಗುಂಡಿಯ ಫೋನು. ನೀನು ಅದಕ್ಕೆ ಇಟ್ಟಿಗೆ ಎಂದು ಹೆಸರಿಟ್ಟೆ, ಅಪ್ಪನೂ ನಕ್ಕ. ಆಮೇಲೆ ನೀನು ಕೆಲಸದ ತಿರುಗಾಟದಲ್ಲಿ ಎಲ್ಲಿಂದಲೋ ಆ ಹೊಳೆಯುವ ಫೋನ್ ತಂದೆ. ಇಲ್ಲಿ ಸಿಗುವುದೇ ಇಲ್ಲ, ಹೊರಗಿನ ಮಾರುಕಟ್ಟೆಯದು ಎಂದೆ. ಅಪ್ಪ ಅದನ್ನು ಬಟ್ಟೆಯಲ್ಲಿ ಸುತ್ತಿ ಸುತ್ತಿ ಇಡುತ್ತಿದ್ದ. ಬಂದವರಿಗೆಲ್ಲ, ಚಿಕ್ಕವಳು ತಂದಿದ್ದು ಎಂದು ತೋರಿಸುತ್ತಿದ್ದ. ಇಟ್ಟಿಗೆ ಅಂಟಿನ ಕುಂಚಗಳ ಡ್ರಾಯರ್ ಸೇರಿತು. ಬೀದಿಯವರೆಲ್ಲ ಫೋನ್ ಹಿಡಿದು ನನ್ನ ಹತ್ತಿರ ಬರುತ್ತಾರೆ, ನಮ್ಮಪ್ಪ ಮಾತ್ರ ಒಂದು ಮಾತು ಕೇಳಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ನನ್ನನ್ನು ನೋಡಿಯೇ ಹುಟ್ಟಿರಬೇಕು.

ಪುಟ್ಟಿ, ಸಿಗ್ನಲ್ ಅಂದರೆ ಒಂದೇ ಅಲ್ಲ. ಕಂಪನಿಯವರು ಅದನ್ನು ಬೇರೆ ಬೇರೆ ಬ್ಯಾಂಡ್‌ಗಳಲ್ಲಿ, ಅಂದರೆ ಬೇರೆ ಬೇರೆ ಅಲೆಗಳಲ್ಲಿ ಕಳಿಸುತ್ತಾರೆ. ಮೇಲಿನ ಬ್ಯಾಂಡು ವೇಗದ್ದು, ಆದರೆ ದಪ್ಪ ಗೋಡೆ ಕಂಡರೆ ಅಲ್ಲೇ ನಿಂತುಬಿಡುತ್ತದೆ. ಕೆಳಗಿನ ಬ್ಯಾಂಡು ನಿಧಾನ, ಆದರೆ ಗೋಡೆ ದಾಟಿ ನೆಲದಡಿಗೂ ಇಳಿಯುತ್ತದೆ. ಅಪ್ಪನ ಕೋಣೆಗೆ ಬರುತ್ತಿದ್ದದ್ದು ಆ ಕೆಳಗಿನದೊಂದೇ. ನೀನು ತಂದ ಫೋನಿನಲ್ಲಿ ಅದೊಂದೇ ಇಲ್ಲ. ಬೇರೆಲ್ಲೋ ಬಳಸುವವರಿಗೆಂದು ಮಾಡಿದ್ದು, ಇಲ್ಲಿನ ಟವರ್ ಎಷ್ಟು ಕೂಗಿದರೂ ಕಿವುಡನ ಮುಂದೆ ಕಿನ್ನರಿ. ಬೀದಿಯಲ್ಲಿ ಐದು ಕಡ್ಡಿ ತೋರಿಸುತ್ತದೆ, ಕೋಣೆಯಲ್ಲಿ ಒಂದೂ ಇಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಮಾದರಿ ಸಂಖ್ಯೆ ಹುಡುಕಿ ನೋಡಿ ತಿಳಿದುಕೊಂಡೆ.

ಅಂದರೆ ಏನಾಯಿತು ಗೊತ್ತೇ? ನನಗೆ ಒಂದು ರಿಂಗ್ ಕೊಡಲು ಅಪ್ಪ ದಿನಾ ಒಬ್ಬನೇ ಹತ್ತೊಂಬತ್ತು ಮೆಟ್ಟಿಲು ಹತ್ತಿ ಬೀದಿಗೆ ಬರುತ್ತಿದ್ದ. ನಾನು ಹೋಗುವಷ್ಟರಲ್ಲಿ ಗೋಡೆಗೆ ಒರಗಿ ನಿಂತಿರುತ್ತಿದ್ದ, ಮುಖ ಬೆವರಿರುತ್ತಿತ್ತು. ಯಾಕೆ ಹತ್ತಿದೆ ಎಂದರೆ, "ಗಾಳಿಗೆ ಬಂದೆ ಕಣೆ" ಅನ್ನುತ್ತಿದ್ದ. ನಿನ್ನ ಉಡುಗೊರೆಗೆ ಹೆಸರು ಕೆಡಬಾರದು ನೋಡು. ಹೀಗೆ ನಲವತ್ತೊಂದು ದಿನ.

ನಲವತ್ತೆರಡನೆಯ ದಿನ ರಿಂಗ್ ಬರಲಿಲ್ಲ. ಕೆಲಸ ಹೆಚ್ಚಿರಬೇಕು ಎಂದು ಯಾರದೋ ಒಡೆದ ಗಾಜು ಬದಲಾಯಿಸುತ್ತಾ ಕೂತೆ. ಮೇಲಿನ ಅಂಗಡಿಯ ದರ್ಜಿ ಓಡಿ ಬಂದು ಕರೆದ. ಅಪ್ಪ ಹತ್ತನೆಯ ಮೆಟ್ಟಿಲಿನಲ್ಲಿ ಬಿದ್ದಿದ್ದ. ಕೈಯಲ್ಲಿದ್ದ ಫೋನಿನಲ್ಲಿ ನನ್ನ ಹೆಸರಿಗೆ ಮೂರು ಕರೆ, ಮೂರೂ ಸೇರಿರಲಿಲ್ಲ. ಆ ಮೆಟ್ಟಿಲಲ್ಲೂ ಸಿಗ್ನಲ್ ಸಿಗುವುದಿಲ್ಲ. ಅಕ್ಕ ಎದುರುಗಡೆಯೇ ಇದ್ದಳು, ನಿಜ. ನೀನು ತಂದ ಫೋನು ನಡುವೆ ಇತ್ತು. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರಲ್ಲ, ಅದನ್ನು ಹತ್ತಿದವನು ನಮ್ಮಪ್ಪ.

ಇಷ್ಟು ಬರೆದ ಮೇಲೆ ಹೊಟ್ಟೆಯ ಉರಿ ಇಳಿಯಬೇಕಿತ್ತು, ಇಳಿದಿಲ್ಲ. ಹಾಗಂತ ನಿನಗೆ ಕೇಡು ಬಯಸುವುದಿಲ್ಲ. ಮಗಳಿಗೆ ಮುತ್ತು. ಇಬ್ಬರೂ ನೂರು ಕಾಲ ಬಾಳಿ, ಮೈಕೈ ಗಟ್ಟಿಯಾಗಿರಲಿ. ರಜೆ ಸಿಕ್ಕಾಗ ಬಾ, ಅಪ್ಪ ನಿನ್ನನ್ನು ಗುರುತು ಹಿಡಿಯುತ್ತಾನೆ.

ನಿನ್ನ
ಅಕ್ಕ

ಮರೆತ ಮಾತು: ಕಾಗದ ಮಡಚಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಮಾದರಿ ಸಂಖ್ಯೆ ನೋಡಿದ್ದು ಆಸ್ಪತ್ರೆಯಿಂದ ಬಂದ ಮೇಲೆ ಅಲ್ಲ. ನೀನು ಫೋನ್ ಕೊಟ್ಟ ಸಂಜೆಯೇ, ನೀವಿಬ್ಬರೂ ಅದರಲ್ಲಿ ಫೋಟೋ ತೆಗೆದುಕೊಳ್ಳುತ್ತಿದ್ದಾಗ, ಡಬ್ಬಿಯ ಬೆನ್ನು ತಿರುಗಿಸಿ ಓದಿದೆ. ಇದು ನನ್ನ ದಿನನಿತ್ಯದ ಕೆಲಸ, ಅರೆಗಳಿಗೆ ಸಾಕು. ಆ ಕೋಣೆಯಲ್ಲಿ ಇದು ನಡೆಯುವುದಿಲ್ಲ ಎಂದು ಆಗಲೇ ಗೊತ್ತಾಯಿತು. ಅಪ್ಪ ಯಾಕೆ ಮೇಲೆ ಬಂದು ನಿಲ್ಲುತ್ತಾನೆ ಎಂಬುದೂ ಮೊದಲ ದಿನದಿಂದ ಗೊತ್ತಿತ್ತು. ಬಾಯಿ ಬಿಡಲಿಲ್ಲ. ತಾನಾಗಿಯೇ ಬಂದು, "ನಿನ್ನ ಇಟ್ಟಿಗೆಯೇ ವಾಸಿ ಕಣೆ" ಅನ್ನಲಿ ಎಂದು ಕಾದೆ. ಅದೊಂದು ಮಾತು ಕೇಳಬೇಕಿತ್ತು ನನಗೆ.

ಹೋದ ವಾರ ಸಿಮ್ ತೆಗೆದು ಇಟ್ಟಿಗೆಗೆ ಹಾಕಿ ಅವನ ಎಡಗೈಗೆ ಕೊಟ್ಟೆ. ಈಗ ದಿನಕ್ಕೆ ಹತ್ತು ಸಲ ಒಂದೊಂದು ರಿಂಗ್ ಬರುತ್ತದೆ. ಓಡಿಹೋಗಿ ಹಾಸಿಗೆಯ ಪಕ್ಕ ನಿಂತು ಅವನ ಬಾಯನ್ನೇ ನೋಡುತ್ತೇನೆ. ಅವನಿಗೆ ನೀರು ಬೇಕಾಗಿರುತ್ತದೆ.