ಸೀಟಿನ ಪಕ್ಕದ ಲಿವರ್

ಪ್ರೀತಿಯ ಪುಟ್ಟಿಗೆ,

ಅಪ್ಪನ ಆಶೀರ್ವಾದಗಳು. ಹಿಂದಿನ ಪತ್ರದಲ್ಲಿ ಒಂದು ತಪ್ಪಿದೆ, ತಿದ್ದಿಕೊಂಡು ಓದು. ‘ಕಾರಿನ ಬ್ರೇಕು ಕೆಟ್ಟು ನಿನ್ನ ಅಣ್ಣನ ಮಂಡಿಗೆ ಪೆಟ್ಟಾಯಿತು’ ಎಂದು ಬರೆದಿದ್ದೆ. ಬ್ರೇಕು ಕೆಟ್ಟಿರಲಿಲ್ಲ. ಇದನ್ನು ತಿಳಿಸಲು ಹನ್ನೊಂದು ದಿನ ತಡಮಾಡಿದ್ದಕ್ಕೆ ಕ್ಷಮೆಯಿರಲಿ.

ಮೆಕ್ಯಾನಿಕ್ ಬಂದು ನೋಡಿದ. “ಮೇಷ್ಟ್ರೇ, ಇವು ಒಂದೇ ಅಚ್ಚಲ್ಲಿ ಲಕ್ಷಗಟ್ಟಲೆ ಬಂದ ಗಾಡಿಗಳು, ಎಲ್ಲಕ್ಕೂ ಒಂದೇ ಚಾಳಿ. ಸೀಟಿನ ಪಕ್ಕದ ಲಿವರನ್ನ ಪೂರ್ತಿ ಹಿಂದಕ್ಕೆ ಎಳೆದ್ರೆ ಮಾತ್ರ ಬ್ರೇಕು. ಇಲ್ಲಾಂದ್ರೆ ಚಳಿಗೆ ಎಣ್ಣೆ ಗಟ್ಟಿಯಾಗಿ ಗೇರು ಅಂಟ್ಕೊಂಡಿರುತ್ತೆ. ಸ್ಟಾರ್ಟ್ ಮಾಡೋಕೆ ಮುಂದೆ ನಿಂತು ಹ್ಯಾಂಡಲ್ ತಿರುಗಿಸಿದವನ ಮೇಲೇ ಗಾಡಿ ಬರುತ್ತೆ,” ಎಂದ. ಹಾಗೆಯೇ ಬಂದಿತ್ತು. ರೇಡಿಯೇಟರಿಗೂ ಶೆಡ್ಡಿನ ಗೋಡೆಗೂ ನಡುವೆ ಸಿಕ್ಕಿಕೊಂಡು ನಿನ್ನ ಅಣ್ಣ ಕೂಗಿದ ಕೂಗು ಇನ್ನೂ ನನ್ನ ಕಿವಿಯಲ್ಲಿದೆ.

“ಹಿಂದಿನ ಸಂಜೆನೇ ಎಳೆದಿಟ್ಟಿದ್ದೆ ಅಪ್ಪಾ,” ಎಂದು ಮೊದಲು ವಾದಿಸಿದ. ನಿನ್ನ ಅತ್ತಿಗೆ ಬಿಡಬೇಕಲ್ಲ! “ಕನ್ನಡಕ ಹಾಕ್ಕೊಂಡೇ ಕನ್ನಡಕ ಹುಡುಕೋರು ನೀವು!” ಈಗ ಅವನೇ ‘ಮರೆತಿರಬೇಕು’ ಎನ್ನುತ್ತಾನೆ.

ಗಾಡಿಯ ಒಡೆಯರಾದ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದಾರೆ: “ಮರೆವಿನವನ ಕೈಗೆ ಗಾಡಿ ಕೊಡೋಕಾಗಲ್ಲಪ್ಪ. ಗುರುವಾರ ನನ್ನೆದುರು ಸ್ಟಾರ್ಟ್ ಮಾಡಿ ತೋರಿಸು. ಡ್ರೈವರ್ ಕೆಲಸದ ಮಾತು ಆಮೇಲೆ.” ಇಂದೇ ಗುರುವಾರ. ಮಂಡಿಯ ಊತ ಇಳಿದಿದೆ, ಧೈರ್ಯ ಬಂದಿಲ್ಲ. ನಿನ್ನೆ ಹ್ಯಾಂಡಲ್ ಹಿಡಿಯಲು ಹೋಗಿ ಮೂರು ಸಲ ಹಿಂದೆ ಸರಿದ.

“ನನ್ನ ಮೇಲೆ ನನಗೇ ನಂಬಿಕೆ ಇಲ್ಲ. ಲಿವರ್ ಹತ್ರ ನೀವೇ ಕೂತ್ಕೊಳ್ಳಿ ಅಪ್ಪಾ. ನೀವು ಸರಿ ಅಂದ್ರೆ ಸರಿ,” ಎಂದ.

ಆ ಮಾತು ಕೇಳಿದ ಮೇಲೆ ಬೆಳಗಿನವರೆಗೂ ಕಣ್ಣು ಮುಚ್ಚಿಲ್ಲ.

ನೀನೂ ಅಳಿಯಂದಿರೂ ನೂರು ಕಾಲ ನೆಮ್ಮದಿಯಿಂದ ಬಾಳಿ.

ಬರೆಯದೆ ಉಳಿದದ್ದು: ಅವಘಡದ ಹಿಂದಿನ ಸಂಜೆ, ಅವನು ಮನೆಯೊಳಗೆ ಹೋದ ಮೇಲೆ, ಸೀಟಿನ ಧೂಳು ಒರೆಸಲು ನಾನು ಗಾಡಿ ಹತ್ತಿದ್ದೆ. ಲಿವರ್ ಹಿಂದಕ್ಕೆ ವಾಲಿಕೊಂಡಿತ್ತು. ಗೋಡೆಯ ಪಟ ಒಂದಿಷ್ಟು ಓರೆಯಾದರೂ ನಾನು ಸಹಿಸುವವನಲ್ಲ, ನಿನಗೆ ಗೊತ್ತು. ಅದನ್ನು ನೆಟ್ಟಗೆ ನಿಲ್ಲಿಸಿ ಇಳಿದೆ. ಇದನ್ನು ಅವನಿಗೆ ಇನ್ನೂ ಹೇಳಿಲ್ಲ ಪುಟ್ಟಿ. ಶೆಡ್ಡಿನಿಂದ ಕರೆಯುತ್ತಿದ್ದಾನೆ: “ಅಪ್ಪಾ, ಬನ್ನಿ, ಡಾಕ್ಟರು ಬಂದ್ರು.” ಅವನು ಹ್ಯಾಂಡಲ್ ಮುಟ್ಟುವ ಮೊದಲು, ಅವರೆದುರೇ ಹೇಳಬೇಕು. ಏಳುತ್ತಿದ್ದೇನೆ.

ನಿನ್ನ ಅಪ್ಪ
೯ ಡಿಸೆಂಬರ್ ೧೯೨೬, ಗುರುವಾರ
ಬೆಳಿಗ್ಗೆ ೬ ಗಂಟೆ ೪೦ ನಿಮಿಷ