ಕೊನೆಯ ಹನಿಯ ನೀಲಿ

ನೀರು ಪರೀಕ್ಷೆಯ ಕೊಠಡಿ,
ನವೆಂಬರ್ ೧೭, ಭಾನುವಾರ

ಮಗಳೇ ಗುಬ್ಬಿ,

ನಾನೂ ನಿನ್ನ ಚಿಕ್ಕಮ್ಮನೂ ಗಟ್ಟಿಮುಟ್ಟಾಗಿದ್ದೇವೆ. ನೀನು, ಅಳಿಯಂದಿರು, ನನ್ನ ಪುಟಾಣಿ ಮೊಮ್ಮಗಳು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಉತ್ತರ ತಡವಾಯಿತು, ಬೈಯಬೇಡ. ಸಾಲುಗಳು ಡೊಂಕಾಗಿದ್ದರೆ ಅದು ಪೆನ್ನಿನ ಕುಚೇಷ್ಟೆ. ನಮ್ಮ ಹಳ್ಳಿ ಶಾಲೆಯಲ್ಲಿ ದುಂಡಕ್ಷರಕ್ಕೆ ನನ್ನನ್ನು ಮೀರಿಸಿದವರಿರಲಿಲ್ಲ. ಒಬ್ಬನಿದ್ದ, ಅವನು ಶಾಲೆ ಬಿಟ್ಟ.

ನಮ್ಮ ಕೊಠಡಿಯ ಮೇಲಧಿಕಾರಿ ನೀನು, ಅದೇ ಗತ್ತಿನಲ್ಲಿ ಕೇಳಿದ್ದೀಯ: ಹೊಸ ಯಂತ್ರ ಬಂದಮೇಲೆ ಚಿಕ್ಕಪ್ಪನ ಬ್ಯೂರೆಟ್ ಮೇಜು ಇರಬೇಕೋ, ತೆಗೆಯಬೇಕೋ? ಒಂದೇ ನೀರನ್ನು ಎರಡೂ ಕಡೆ ಅಳೆದು ಬರೆಯಿರಿ ಅಂದಿದ್ದೀಯ. ಅಳೆದೆವು ತಾಯಿ.

ನಿನ್ನ ಯಂತ್ರ ನೀರನ್ನು ಬೆಂಕಿಗೆ ಊದಿ, ಅದರೊಳಗೆ ಬೆಳಕು ಹಾಯಿಸಿ, ನಿಮಿಷದಲ್ಲಿ ಲೆಕ್ಕ ಒಪ್ಪಿಸುತ್ತದೆ. ನಾನು ಬ್ಯೂರೆಟ್ ಎಂಬ ಗಾಜಿನ ಕೊಳವೆಯಿಂದ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತಾ, ಫ್ಲಾಸ್ಕಿನ ಕೆಂಪು ನೀಲಿಯಾಗುವ ಗಳಿಗೆಗೆ ಕಾಯುತ್ತೇನೆ. ಜೊತೆಗೆ ಕೆಲಸ ಮಾಡುವ ವಟವಟಮ್ಮ ಗೊತ್ತಲ್ಲ, ಪಕ್ಕದಲ್ಲೇ ನಿಂತಿದ್ದಳು.

"ಸಾರ್, ನಿಮ್ಮದು ಒಂದು ಮುಗಿಯೋದ್ರೊಳಗೆ ಯಂತ್ರ ಹತ್ತು ಬಾಟ್ಲಿ ಮುಗಿಸಿ ಆಕಳಿಸ್ತಿರುತ್ತೆ."

"ದಿನಾ ಬೆಳಿಗ್ಗೆ ಅದಕ್ಕೆ ಪಾಠ ಹೇಳೋರು ಯಾರಮ್ಮ? ನಾನು ತೂಗಿ ಕಲಸಿದ ದ್ರಾವಣ ಕುಡಿಸದಿದ್ರೆ ಅದಕ್ಕೆ ಒಂದು ಎರಡೂ ಬರಲ್ಲ!"

ಅವಳು ನಕ್ಕು ತನ್ನ ಅತ್ತೆಯ ಗೊರಕೆಯ ಪುರಾಣ ಶುರು ಮಾಡಿದಳು. ಗೊರಕೆ ಮೂರನೇ ಮನೆಗೆ ಮುಟ್ಟುವ ಹೊತ್ತಿಗೆ ಗಪ್‌ಚಿಪ್ ಆದಳು. ನಾನು ಬ್ಯೂರೆಟ್ಟಿನ ನಲ್ಲಿ ತಿರುಗಿಸಿ ಹನಿ ನಿಲ್ಲಿಸಿದೆ. ನೀರಿನ ಗಡಸುತನದಲ್ಲಿ ನನ್ನ ಲೆಕ್ಕಕ್ಕೂ ಯಂತ್ರದ ಲೆಕ್ಕಕ್ಕೂ ಕೂದಲೆಳೆಯಷ್ಟೇ ಅಂತರ! ಆ ದಿನವೆಲ್ಲ ನಾನು ಕಾಲರ್ ಎತ್ತಿಕೊಂಡೇ ಓಡಾಡಿದ್ದು.

ಆದರೆ ನ್ಯಾಯ ನ್ಯಾಯವೇ. ಮಕ್ಕಳ ಹಾಸ್ಟೆಲಿನ ನಲ್ಲಿ ನೀರಲ್ಲಿ ಸೀಸ ಇದೆಯೆಂದು ಕಂಡುಹಿಡಿದದ್ದು ಯಂತ್ರ. ಅಷ್ಟು ಚೂರು ನನ್ನ ಮೇಜಿಗೆ ಏಳು ಜನ್ಮಕ್ಕೂ ಕಾಣುತ್ತಿರಲಿಲ್ಲ. ಹಳೆಯ ಪೈಪು ಕಿತ್ತು ಹಾಕಿದರು. ಅವತ್ತು ಯಾರೂ ನೋಡದಾಗ ಯಂತ್ರದ ಬೆನ್ನು ತಟ್ಟಿದೆ. ಕೈ ಸುಟ್ಟಿತು, ಅದು ಬೇರೆ ಮಾತು.

ಹಾಗಾಗಿ ಎರಡೂ ಇರಲಿ. ಚೂರುಪಾರು ಹುಡುಕಲು, ರಾಶಿ ಬಾಟಲಿ ಮುಗಿಸಲು ಯಂತ್ರ. ಅದು ದಾರಿ ತಪ್ಪಿದರೆ ಕಿವಿ ಹಿಂಡಲು, ಕರೆಂಟು ಹೋದ ದಿನ ಕೆಲಸ ನಡೆಸಲು ಬ್ಯೂರೆಟ್. ಇದೇ ನನ್ನ ತೀರ್ಪು.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಮನೆ ಸದಾ ನಗುತ್ತಿರಲಿ.

ತಲೆ ಸವರಿ ಹರಸುವ,
ನಿನ್ನ ಚಿಕ್ಕಪ್ಪ

ಮರೆತ ಮಾತು: ಮೊಮ್ಮಗಳ ಹೊಸ ಫ್ರಾಕಿನ ಫೋಟೋ ಬಂತು. ಚಿಕ್ಕಮ್ಮ, "ಎಂಥಾ ನೀಲಿ ನೋಡ್ರೀ!" ಅಂದಳು. ನಾನೂ "ಆಹಾ" ಅಂದೆ. ನನಗೆ ಕಂಡದ್ದು ಬೂದಿ ಬಣ್ಣ, ಮಗಳೇ. ಕಣ್ಣಿನ ನರ ಸೊರಗುತ್ತಿದೆಯಂತೆ. ಹೋದ ದೃಷ್ಟಿ ಮರಳುವುದಿಲ್ಲ ಎಂದರು ಡಾಕ್ಟರು. ಅವತ್ತು ಫ್ಲಾಸ್ಕಿನ ನೀಲಿಯನ್ನೂ ನಾನು ನೋಡಲಿಲ್ಲ. ಬಣ್ಣ ತಿರುಗಿದ ಗಳಿಗೆಗೆ ವಟವಟಮ್ಮನ ಮಾತು ನಿಂತಿತು, ಅದೇ ಗುರುತೆಂದು ನಲ್ಲಿ ತಿರುಗಿಸಿದೆ. ಕಣ್ಣಿನ ವಿಷಯ ನಾನು ಅವಳಿಗೆ ಹೇಳಿರಲಿಲ್ಲ. ಗೊತ್ತಾಗಿದೆಯೆಂದು ಅವಳೂ ಹೇಳಲಿಲ್ಲ. ಮೇಜು ಉಳಿಸು, ಅದಕ್ಕೆ ಇನ್ನು ಅವಳನ್ನು ಕೂರಿಸು. ಚಿಕ್ಕಮ್ಮನಿಗೆ ಇನ್ನೂ ಹೇಳಿಲ್ಲ, ನೀನು ಬಂದಮೇಲೆ ಇಬ್ಬರೂ ಸೇರಿ ಹೇಳೋಣ. ಮಗುವನ್ನು ಕರೆದುಕೊಂಡು ಬೇಗ ಬಾ. ಮುಖಗಳು ಇನ್ನೂ ಚೆನ್ನಾಗಿ ಕಾಣುತ್ತವೆ. ಫ್ರಾಕು ಯಾವ ಬಣ್ಣದ್ದಾದರೂ ಸರಿ.